ಗಾಲಿಗಿಂತ ಮೊದಲು ದಾರಿ

ಯಾದಗಿರಿ ಜಿಲ್ಲೆಯ ಸೈದಾಪುರದ ಮೇಲೆ ಹಾದುಹೋಗುವ ಮುಂಬೈ–ಚೆನ್ನೈ ರೈಲು ಮಾರ್ಗ ರಾಯಚೂರನ್ನು ಮುಟ್ಟಿದ್ದು 1871ರಲ್ಲಿ. ಹಳಿ ಬೀಳುವ ಮೊದಲು ಸರ್ವೆಯವರು ಈ ಎರಿ ಹೊಲಗಳ ನಡುವೆ ಸರಪಳಿ ಎಳೆದು ನೆಲದ ಏರಿಳಿತ ಬರೆದುಕೊಂಡರು. ದಿಬ್ಬ ಬಂದಲ್ಲಿ ಕಡಿಸಿದರು, ತಗ್ಗು ಬಂದಲ್ಲಿ ಮಣ್ಣು ತುಂಬಿಸಿದರು, ಹಳ್ಳ ಬಂದಲ್ಲಿ ಸೇತುವೆ ಕಟ್ಟಿಸಿದರು. ಇಂಜಿನ್ ಬಂದದ್ದು ಇಷ್ಟೆಲ್ಲ ಆದ ಮೇಲೆ. ಗಾಲಿಯ ಮೇಲೆ ಚಲಿಸುವ ಯಾವುದಕ್ಕಾದರೂ ಇದೇ ಕ್ರಮ. ಆದರೆ ಗಾಲಿಕುರ್ಚಿಯ ವಿಷಯ ಬಂದಾಗ ಮಾತ್ರ ನಾವು ಕ್ರಮವನ್ನು ತಿರುವುಮುರುವು ಮಾಡಿಕೊಂಡಿದ್ದೇವೆ. ಶಾಮಿಯಾನ ಹಾಕಿ, ಸಾಲಾಗಿ ಕುರ್ಚಿ, ಮೂರು ಗಾಲಿ ಸೈಕಲ್ ನಿಲ್ಲಿಸಿ, ಕೀಲಿಕೈ ಕೊಡುವ ಫೋಟೊ ತೆಗೆಸಿ ಕಳಿಸಿಬಿಡುತ್ತೇವೆ. ಆ ಗಾಲಿ ಮನೆಯ ಕಟ್ಟೆ ಇಳಿಯುತ್ತದೆಯೇ, ಓಣಿಯ ಚರಂಡಿ ದಾಟುತ್ತದೆಯೇ, ಬಸ್ ನಿಲ್ದಾಣದವರೆಗೆ ಹೋಗುತ್ತದೆಯೇ ಎಂದು ಯಾರೂ ಅಳೆದಿರುವುದಿಲ್ಲ. ಅಂಗವಿಕಲರಿಗೆ ಸಾಧನ ಹಂಚುವ ಕೇಂದ್ರದ ಅಡಿಪ್ ಯೋಜನೆ ಶುರುವಾದದ್ದು 1981ರಲ್ಲಿ. ಸಾಧನ ತಯಾರಿಸುವ ಕಾನ್ಪುರದ ಅಲಿಮ್ಕೋ ಸಂಸ್ಥೆ 1972ರದು. ನಾಲ್ಕು ದಶಕಕ್ಕೂ ಮೇಲ್ಪಟ್ಟು ಗಾಲಿ ಹಂಚಿದ್ದೇವೆ. ದಾರಿಯ ಲೆಕ್ಕವನ್ನು ಯಾವ ಕಡತದಲ್ಲೂ ಇಟ್ಟಿಲ್ಲ.

ಆ ಲೆಕ್ಕ ಶುರುಮಾಡಲು ಒಂದು ನೆಪ ಬೇಕು. ಗಾಲಿಕುರ್ಚಿ ಬಳಸುವ ಹತ್ತಾರು ಮಂದಿ ಒಟ್ಟಾಗಿ, ಡಾಂಬರು ರಸ್ತೆ ಬಿಟ್ಟು ಹೊಲ, ಕೆರೆ, ಬೆಟ್ಟದ ಬುಡದ ದಾರಿಯಲ್ಲಿ ಒಂದು ಬೆಳಗ್ಗೆ ಸುತ್ತಾಡಿ ಬರುವ ಗುಂಪು ಸವಾರಿ ಅಂಥ ನೆಪವಾಗಬಲ್ಲದು. ಬ್ರಿಟನ್ನಿನಲ್ಲಿ ಡಿಸೇಬಲ್ಡ್ ರ‍್ಯಾಂಬ್ಲರ್ಸ್ ಎಂಬ ಸಂಸ್ಥೆ ಇಂಥ ಸವಾರಿಗಳನ್ನು ವರ್ಷಗಳಿಂದ ನಡೆಸುತ್ತಿದೆ. ದಾರಿ ಎಷ್ಟು ಕಷ್ಟದ್ದು, ಎಂಥ ಗಾಡಿಗೆ ಒಗ್ಗುತ್ತದೆ ಎಂಬುದನ್ನು ಮೊದಲೇ ದರ್ಜೆ ಮಾಡಿ ತಿಳಿಸುತ್ತದೆ. ನಮ್ಮ ಪಕ್ಕದ ಹೈದರಾಬಾದಿನ ಆದಿತ್ಯ ಮೆಹ್ತಾ ಫೌಂಡೇಶನ್ನಿನ ಪ್ಯಾರಾ ಸೈಕಲ್ ಸವಾರರು 2020ರ ಕೊನೆಯಲ್ಲಿ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಹೋದರು. ಅದು ಸಾಹಸ. ಇಲ್ಲಿ ಹೇಳುತ್ತಿರುವುದು ಅದಲ್ಲ, ಸಾಧಾರಣ ಮನುಷ್ಯರ ಸಾಧಾರಣ ವಿಹಾರ. ಸವಾರಿ ಒಂದು ಮುಂಜಾನೆಗೆ ಮುಗಿದುಹೋಗುತ್ತದೆ. ಅದಕ್ಕಾಗಿ ನಡೆದ ತಯಾರಿ, ಅಂದರೆ ಅಳೆದು ಬರೆದ ದಾರಿ, ಉಳಿಯುತ್ತದೆ. ಅದು ಉಳಿಯುವಂತೆ ಯೋಜಿಸಿದರೆ ಒಂದು ಸವಾರಿಯ ಸಿದ್ಧತೆ ಹತ್ತು ವರ್ಷದ ಸಾಧನ ವಿತರಣೆಗಿಂತ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನನ್ನ ವಾದ.

ಇದಕ್ಕೆ ಸಾಕ್ಷಿ ಚೆನ್ನೈನ ಮರೀನಾ ಕಡಲತೀರದಲ್ಲಿದೆ. ಮರಳಿನ ಮೇಲೆ ಗಾಲಿಕುರ್ಚಿ ಚಲಿಸದು. ಮುಂದಿನ ಸಣ್ಣ ಗಾಲಿ ಹೂತುಕೊಂಡರೆ ಅಲ್ಲಿಗೆ ಮುಗಿಯಿತು. ಅಲ್ಲಿನ ಅಂಗವಿಕಲರ ಹಕ್ಕುಗಳ ಒಕ್ಕೂಟ ಪಾಲಿಕೆಯ ಬೆನ್ನುಬಿದ್ದು, ಡಿಸೆಂಬರ್ 3ರ ಅಂತರರಾಷ್ಟ್ರೀಯ ಅಂಗವಿಕಲರ ದಿನದ ಆಸುಪಾಸಿನಲ್ಲಿ ಕೆಲವು ವರ್ಷ ತಾತ್ಕಾಲಿಕ ದಾರಿ ಹಾಸಿಸಿತು. ಗಾಲಿಕುರ್ಚಿಯವರು ಗುಂಪಾಗಿ ಹೋಗಿ ಅಲೆ ಮುಟ್ಟಿ ಬಂದರು. ಒಂದು ದಿನದ ಸಂಭ್ರಮಕ್ಕೆ ಇಷ್ಟು ಖರ್ಚೇ ಎಂದು ಆಗ ಕೇಳಬಹುದಿತ್ತು. ಆದರೆ ಪ್ರತಿ ಸಲ ಹಾಸಿದಾಗಲೂ ಎಷ್ಟು ಉದ್ದ ಬೇಕು, ಎಷ್ಟು ಅಗಲ ಬೇಕು, ಜನ ಬರುತ್ತಾರೋ ಇಲ್ಲವೋ ಎಂಬುದಕ್ಕೆ ಕಣ್ಣೆದುರೇ ಉತ್ತರ ಸಿಗುತ್ತಿತ್ತು. 2022ರ ನವೆಂಬರ್ 27ರಂದು ಅಲ್ಲಿ 263 ಮೀಟರ್ ಉದ್ದ, 3 ಮೀಟರ್ ಅಗಲದ ಮರದ ಕಾಯಂ ದಾರಿ ತೆರೆದುಕೊಂಡಿತು. ಖರ್ಚು 1.14 ಕೋಟಿ ರೂಪಾಯಿ. ಎರಡು ವಾರ ಕಳೆಯುವಷ್ಟರಲ್ಲಿ ಮಾಂಡೂಸ್ ಚಂಡಮಾರುತ ಬಂದು ಅದರ ಕಡಲ ಕಡೆಯ ತುದಿ ಮುರಿಯಿತು. ದಾರಿಯನ್ನು ಮತ್ತೆ ದುರಸ್ತಿ ಮಾಡಿದರು. ಮುರಿದದ್ದನ್ನು ಸರಿಪಡಿಸಲೇಬೇಕಾಯಿತು ಎಂಬುದೇ ಇಲ್ಲಿ ಮುಖ್ಯ. ಒಮ್ಮೆ ಸಾರ್ವಜನಿಕ ಆಸ್ತಿಯಾದ ಮೇಲೆ ದಾರಿಗೆ ಕೇಳುವವರು ಹುಟ್ಟುತ್ತಾರೆ. ಯಾರದೋ ಮನೆಯ ಮೂಲೆಯಲ್ಲಿ ತುಕ್ಕು ಹಿಡಿದ ಕುರ್ಚಿಗೆ ಆ ಭಾಗ್ಯವಿಲ್ಲ.

ಕಾನೂನು ಕೂಡ ಇದನ್ನು ಹುಡುಗಾಟ ಎಂದು ಬಗೆದಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 29ನೇ ಸೆಕ್ಷನ್ ಸಾಂಸ್ಕೃತಿಕ ಜೀವನ ಮತ್ತು ಮನರಂಜನೆಯ ಬಗ್ಗೆ ಹೇಳುತ್ತ, ಹೊರಾಂಗಣ ಶಿಬಿರ ಮತ್ತು ಸಾಹಸ ಚಟುವಟಿಕೆಗಳನ್ನು ಹೆಸರಿಸಿಯೇ ಸರ್ಕಾರದ ಹೊಣೆಗೆ ಸೇರಿಸಿದೆ. ಇದ್ದ ಸಾರ್ವಜನಿಕ ಕಟ್ಟಡಗಳನ್ನೆಲ್ಲ ನಿಯಮಗಳು ಹೊರಟ ಐದು ವರ್ಷದಲ್ಲಿ ಸುಗಮಗೊಳಿಸಬೇಕೆಂದು 45ನೇ ಸೆಕ್ಷನ್ ಹೇಳಿತ್ತು. ಆ ಗಡುವು 2022ರಲ್ಲೇ ದಾಟಿಹೋಗಿದೆ. ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ಕೊಟ್ಟ ತೀರ್ಪು ಇನ್ನೂ ಖಡಕ್ಕಾಗಿದೆ. ಸುಗಮತೆಯ ಮಾನದಂಡಗಳನ್ನು ಬರೀ ಸಲಹೆಯಾಗಿ ಬರೆದಿಟ್ಟಿದ್ದ 15ನೇ ನಿಯಮ ಮೂಲ ಕಾಯ್ದೆಗೇ ವಿರುದ್ಧ, ಕಡ್ಡಾಯವಾದ ಕನಿಷ್ಠ ಮಾನದಂಡ ಮೂರು ತಿಂಗಳಲ್ಲಿ ತನ್ನಿ ಎಂದಿತು ನ್ಯಾಯಾಲಯ. ದಿಲ್ಲಿಯ ಮಾತು ಯಾದಗಿರಿಗೆ ಬರುವುದು ನಿಧಾನ. ಬರುವವರೆಗೆ ಕಾಯಬೇಕೆಂದು ಯಾರೂ ಹೇಳಿಲ್ಲ.

ಹಾಗಾದರೆ ಎಲ್ಲಿಗೆ ಹೋಗುವುದು? ಈ ಜಿಲ್ಲೆಯಲ್ಲಿ ನೆಂಟರು ಬಂದಾಗ ತೋರಿಸುವ ಜಾಗಗಳೆಲ್ಲ ಎತ್ತರದವು. ಯಾದಗಿರಿಯ ಕೋಟೆ ಬೆಟ್ಟದ ಮೇಲೆ, ಮೈಲಾಪುರದ ಮೈಲಾರಲಿಂಗನ ಗುಡಿ ಗುಡ್ಡದಲ್ಲಿ, ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಕಟ್ಟಿಸಿದ ಬಂಗಲೆಯೂ ಗುಡ್ಡದ ನೆತ್ತಿಯಲ್ಲಿ. ಇವನ್ನೇ ಪಟ್ಟಿ ಮಾಡಿ ಕೂತರೆ ಸವಾರಿ ಹೊರಡುವುದೇ ಇಲ್ಲ. ಆದರೆ ಇದೇ ಸೀಮೆಯ ಎರಡು ಅಪರೂಪದ ನೋಟಗಳು ಬಯಲಿನಲ್ಲಿ ನಿಂತವರಿಗೇ ಮೀಸಲು. ಒಂದು, ಶಹಾಪುರದ ಮಲಗಿದ ಬುದ್ಧ. ನಾಲ್ಕು ಗುಡ್ಡಗಳ ಅಂಚು ಸೇರಿ ಮಲಗಿದ ಮನುಷ್ಯನಂತೆ ಕಾಣುವ ಆ ಆಕಾರ ಗುಡ್ಡ ಹತ್ತಿದವನಿಗೆ ಕಾಣುವುದೇ ಇಲ್ಲ. ದೂರದಲ್ಲಿ, ಭೀಮರಾಯನಗುಡಿ ಕಡೆಯ ಸಮತಟ್ಟಿನಲ್ಲಿದ್ದವನಿಗೆ ಕಾಣುತ್ತದೆ. ಇನ್ನೊಂದು, ಶಹಾಪುರದ ಹತ್ತಿರದ ವಿಭೂತಿಹಳ್ಳಿಯ ಬೃಹತ್ ಶಿಲಾಯುಗದ ಕಲ್ಲುಸಾಲುಗಳು. ಸುಮಾರು 12 ಎಕರೆಯಲ್ಲಿ ದೊಡ್ಡ ಗುಂಡುಗಲ್ಲುಗಳನ್ನು ಚೌಕ ಚೌಕವಾಗಿ ಜೋಡಿಸಿಟ್ಟಿರುವ ಈ ಜಾಗವನ್ನು ಟೇಲರ್ 19ನೇ ಶತಮಾನದಲ್ಲೇ ಗುರುತಿಸಿದ್ದ. 1956ರಲ್ಲಿ ಪುರಾತತ್ವಜ್ಞ ಆಲ್ಚಿನ್ ಹೈದರಾಬಾದ್ ಸೀಮೆಯ ಇಂಥ ಸಾಲುಗಳ ಬಗ್ಗೆ ಬರೆದರು. ಸೂರ್ಯ ಹುಟ್ಟಿ ಮುಳುಗುವ ದಿಕ್ಕಿಗೂ ಈ ಸಾಲುಗಳಿಗೂ ಸಂಬಂಧವಿದೆ ಎಂಬ ವಾದವೂ ಇದೆ. ಭಾರತೀಯ ಪುರಾತತ್ವ ಸರ್ವೇಕ್ಷಣೆಯ ರಕ್ಷಣೆಯಲ್ಲಿರುವ ಈ ಜಾಗ ನೋಡಲು ಮೆಟ್ಟಿಲು ಹತ್ತಬೇಕಿಲ್ಲ, ಸಾಲುಗಳ ನಡುವೆ ನಿಧಾನವಾಗಿ ಸಾಗಬೇಕು. ಅದನ್ನು ಗಾಲಿ ಚೆನ್ನಾಗಿಯೇ ಮಾಡುತ್ತದೆ.

ದಾರಿಗೆ ಮತ್ತೊಂದು ದೊಡ್ಡ ಅನುಕೂಲವನ್ನು ನೀರಾವರಿ ಇಲಾಖೆ ತನಗೇ ತಿಳಿಯದೆ ಮಾಡಿಟ್ಟಿದೆ. ನಾರಾಯಣಪುರದ ಬಸವಸಾಗರದಿಂದ ಹೊರಟ ಎಡದಂಡೆ ಕಾಲುವೆ ಮತ್ತು ಅದರ ಶಹಾಪುರ ಶಾಖೆ ಈ ತಾಲ್ಲೂಕುಗಳ ಉದ್ದಕ್ಕೂ ಹರಿದಿವೆ. ದೊಡ್ಡ ಕಾಲುವೆ ಕಿಲೋಮೀಟರಿಗೆ ಕೆಲವೇ ಅಂಗುಲ ಇಳಿಯುತ್ತದೆ. ಅದರ ಪಕ್ಕದಲ್ಲಿ ಜೀಪು ಓಡಾಡಲು ಗರಸು ಹಾಕಿ ಮಾಡಿದ ದಾರಿಯೂ ಹೆಚ್ಚುಕಡಿಮೆ ಅಷ್ಟೇ ಸಮತಟ್ಟು. ಗಾಲಿಕುರ್ಚಿಯವರಿಗೆಂದೇ ಇಂಜಿನಿಯರನನ್ನು ಕೂರಿಸಿ ನಕ್ಷೆ ಬರೆಸಿದ್ದರೂ ಇದಕ್ಕಿಂತ ಹದವಾದ ಇಳಿಜಾರು ಸಿಗುತ್ತಿರಲಿಲ್ಲ. ಕಾಲುವೆ ಒಮ್ಮೆಲೆ ಕೆಳಗಿಳಿಯುವ ಜಾಗ, ಅಡ್ಡ ಹಾದುಹೋಗುವ ಬಂಡಿದಾರಿ, ಜೀಪು ತಡೆಯಲು ನೆಟ್ಟ ಕಲ್ಲುಗೂಟ, ಇಷ್ಟು ಅಡೆತಡೆ ಬಿಟ್ಟರೆ ಸುರಪುರ–ಶಹಾಪುರ ಸೀಮೆಯಲ್ಲಿ ಸುಗಮ ದಾರಿಯ ಮುಕ್ಕಾಲು ಕೆಲಸ ಮುಗಿದೇ ಹೋಗಿದೆ.

ಉಳಿದ ಕಾಲು ಭಾಗ ಕಣ್ಣಂದಾಜಿಗೆ ಸಿಕ್ಕುವುದಲ್ಲ, ಅಳೆಯಲೇಬೇಕು. ನಡೆಯುವ ಮನುಷ್ಯನಿಗೆ ‘ಸಪಾಟಾಗಿದೆ’ ಅನ್ನಿಸುವ ದಾರಿ ಗಾಲಿಗೆ ಏರಾಗಿರಬಹುದು. ಕಟ್ಟಡದ ರ‍್ಯಾಂಪಿಗೆ 1:12 ಎಂಬ ಲೆಕ್ಕ ನಮ್ಮಲ್ಲಿ ಬಳಕೆಯಲ್ಲಿದೆ, ಅಂದರೆ ಒಂದಡಿ ಏರಲು ಹನ್ನೆರಡು ಅಡಿ ಉದ್ದ. ಮೂರಡಿ ಕಟ್ಟೆಗೆ ಮೂವತ್ತಾರು ಅಡಿ ಬೇಕು. ಹತ್ತಡಿಯಲ್ಲಿ ಕೆಲಸ ಮುಗಿಸಿ ಬಿಲ್ ಎತ್ತಿದ ರ‍್ಯಾಂಪುಗಳು ನಾಡಿನ ಸರ್ಕಾರಿ ಕಚೇರಿಗಳ ಮುಂದೆ ಬೇಕಾದಷ್ಟಿವೆ, ಅವು ಹೆಚ್ಚಾಗಿ ಬೈಕು ಒಳಗೆ ಒಯ್ಯಲು ಬಳಕೆಯಾಗುತ್ತಿವೆ. ಹೊರಾಂಗಣ ದಾರಿಗೆ ಅಮೆರಿಕದ ಅರಣ್ಯ ಸೇವೆ 2006ರಲ್ಲಿ ಮಾಡಿದ ಮಾನದಂಡ ಇನ್ನೂ ವಿವರವಾಗಿದೆ. ನೂರಕ್ಕೆ ಐದರಷ್ಟು ಏರು ಎಷ್ಟು ದೂರವಿದ್ದರೂ ಸರಿ. ನೂರಕ್ಕೆ ಎಂಟು ಚಿಲ್ಲರೆಯಾದರೆ 200 ಅಡಿಗೆ ಮೀರಬಾರದು, ಹತ್ತಾದರೆ 30 ಅಡಿ, ಹನ್ನೆರಡಾದರೆ ಬರೀ 10 ಅಡಿ, ಆಮೇಲೆ ಉಸಿರಾಡಲು ಸಮತಟ್ಟು ಜಾಗ. ದಾರಿಯ ಅಗಲ ಕನಿಷ್ಠ ಮೂರಡಿ, ಎದುರಾದವರು ದಾಟಿಕೊಳ್ಳಲು ಸಾವಿರ ಅಡಿಗೊಮ್ಮೆ ಐದಡಿ ಅಗಲದ ಜಾಗ. ಏರಿಗಿಂತ ಮೋಸದ್ದು ಅಡ್ಡ ಓರೆ. ಮಳೆನೀರು ಹರಿದುಹೋಗಲೆಂದು ದಾರಿಯನ್ನು ನಡುವೆ ಉಬ್ಬಿಸಿ ಅಂಚಿಗೆ ಇಳಿಸಿರುತ್ತಾರೆ. ಆ ಓರೆಯಲ್ಲಿ ಗಾಲಿಕುರ್ಚಿ ಸದಾ ಒಂದೇ ಬದಿಗೆ ಎಳೆಯುತ್ತದೆ, ಕೂತವರು ಒಂದೇ ತೋಳಿನಲ್ಲಿ ಅದನ್ನು ತಡೆದು ತಡೆದು ಸೋಲುತ್ತಾರೆ. ಅರ್ಧ ಕಿಲೋಮೀಟರಿನಲ್ಲಿ ಭುಜ ಬಿದ್ದುಹೋಗುವುದು ಏರಿನಿಂದಲ್ಲ, ಈ ಓರೆಯಿಂದ.

ಇನ್ನು ನೆಲದ ಗುಣ. ಒಣಗಿದ ಎರಿಮಣ್ಣು ಬಾಯಿಬಿಟ್ಟು ಸೀಳಿರುತ್ತದೆ, ಮುಂದಿನ ಸಣ್ಣ ಗಾಲಿ ಆ ಸೀಳಿನಲ್ಲಿ ಇಳಿದರೆ ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ತೊಯ್ದ ಎರಿಮಣ್ಣು ಗಾಲಿಗೆ ಮೆತ್ತಿಕೊಂಡು ಗಾಲಿಯೇ ತಿರುಗದಂತೆ ಮಾಡುತ್ತದೆ. ಹಾಗಾಗಿ ಮಳೆ ಬಿದ್ದ ಮೇಲೆ ಹಲವು ದಿನ ಸವಾರಿಯ ಮಾತೇ ಬೇಡ. ನೀರು ಚಿಮುಕಿಸಿ ಉರುಳು ಹೊಡೆದ ಗರಸು ಗಟ್ಟಿ, ಅದೇ ಸಡಿಲವಾದ ಗರಸು ಮರಳಿಗೆ ಸಮ. ಶಹಾಬಾದಿ ಪರ್ಸಿ ಹಾಸಿದ ಜಾಗ ಒಣಗಿದ್ದಾಗ ಬಲು ಚೆನ್ನ, ಒದ್ದೆಯಾದರೆ ಜಾರುತ್ತದೆ. ಎಲ್ಲಕ್ಕಿಂತ ಹೆಚ್ಚು ಗಾಡಿಗಳನ್ನು ನಿಲ್ಲಿಸುವುದು ಬಳ್ಳಾರಿ ಜಾಲಿ. ಕಾಲುವೆ ದಂಡೆ, ಕೆರೆ ಏರಿ, ರೈಲು ಹಳಿಯ ಪಕ್ಕ ಎಲ್ಲೆಂದರಲ್ಲಿ ಬೆಳೆದ ಈ ಪೊದೆಯ ಮುಳ್ಳು ತೆಳುವಾದ ಟಯರನ್ನು ಸಲೀಸಾಗಿ ತೂರುತ್ತದೆ. ಸವಾರಿಯ ಹಿಂದಿನ ದಿನ ಇಡೀ ದಾರಿಯನ್ನು ಕಸಬರಿಗೆಯಿಂದ ಗುಡಿಸಬೇಕು. ಇದು ತಮಾಷೆಯ ಮಾತಲ್ಲ. ಜೊತೆಗೆ ಟ್ಯೂಬು, ಪಂಪು, ಪ್ಯಾಚ್ ಹಚ್ಚಲು ಬರುವ ಒಬ್ಬ ಸೈಕಲ್ ರಿಪೇರಿಯವನು ಬೇಕು. ಸುಗ್ಗಿಯಲ್ಲಿ ತೊಗರಿ, ಜೋಳದ ರಾಶಿ ದಾರಿಗೇ ಬಂದಿರುತ್ತದೆ. ಹೊಲದವರ ಜೊತೆ ವಾರ ಮೊದಲೇ ಮಾತಾಡಿದರೆ ಅದೂ ಬಗೆಹರಿಯುವಂಥದ್ದು.

ದಾರಿ ಅಳೆದಾಯಿತು, ದೇಹದ ಲೆಕ್ಕ ಉಳಿಯಿತು. ಜಿಲ್ಲೆಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆನ್ನುಹುರಿಗೆ ಎದೆಯ ಮಟ್ಟದಲ್ಲೋ ಕುತ್ತಿಗೆಯಲ್ಲೋ ಪೆಟ್ಟಾದವರಿಗೆ ಪೆಟ್ಟಿನ ಕೆಳಗಿನ ಭಾಗದಲ್ಲಿ ಸರಿಯಾಗಿ ಬೆವರು ಬರುವುದಿಲ್ಲ, ಮೈ ತಣ್ಣಗಾಗುವ ದಾರಿಯೇ ಮುಚ್ಚಿರುತ್ತದೆ. ಸ್ಪರ್ಶ ಗೊತ್ತಾಗದ ಕಾಲಿಗೆ ಕಾದ ಕಬ್ಬಿಣ ತಾಗಿ ಬೊಬ್ಬೆ ಎದ್ದರೂ ತಿಳಿಯುವುದಿಲ್ಲ. ಆದ್ದರಿಂದ ನವೆಂಬರಿನಿಂದ ಫೆಬ್ರುವರಿಯವರೆಗಿನ ಬೆಳಗಿನ ಹೊತ್ತು ಬಿಟ್ಟರೆ ಬೇರೆ ಕಾಲವಿಲ್ಲ. ಒಂದೇ ಸಮ ಕೂತರೆ ಒತ್ತಡದ ಹುಣ್ಣು ಏಳುತ್ತದೆ, ವಾಸಿಯಾಗಲು ತಿಂಗಳುಗಳೇ ಬೇಕಾಗಬಹುದು. ಕಾಲು ಗಂಟೆ, ಅರ್ಧ ಗಂಟೆಗೊಮ್ಮೆ ನಿಂತು ಎಲ್ಲರೂ ಮೈ ಎತ್ತಿ ಭಾರ ಬದಲಿಸುವುದು ವೇಳಾಪಟ್ಟಿಯಲ್ಲೇ ಇರಬೇಕು. ಮುಖ್ಯ ಸಂಗತಿ ಶೌಚಾಲಯ. ಹೊರಗೆ ಹೋದರೆ ಮೂತ್ರಕ್ಕೆ ಜಾಗ ಸಿಗುವುದಿಲ್ಲ ಎಂಬ ಹೆದರಿಕೆಯಿಂದ ಎಷ್ಟೋ ಮಂದಿ, ಅದರಲ್ಲೂ ಹೆಂಗಸರು, ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ. ಬಿಸಿಲಿನಲ್ಲಿ ಅದು ಅಪಾಯ. ಕ್ಯಾತಿಟರ್ ಬಳಸುವವರು ನಾಲ್ಕರಿಂದ ಆರು ಗಂಟೆಗೊಮ್ಮೆ ಮೂತ್ರಕೋಶ ಖಾಲಿ ಮಾಡಿಕೊಳ್ಳಲೇಬೇಕು. ತುಂಬಿದ ಮೂತ್ರಕೋಶವೊಂದೇ ಸಾಕು, ಬೆನ್ನುಹುರಿಯ ಮೇಲ್ಭಾಗದಲ್ಲಿ ಪೆಟ್ಟಾದವರಿಗೆ ರಕ್ತದೊತ್ತಡ ದಿಢೀರನೆ ಏರಿ, ತಲೆ ಸಿಡಿದು, ಜೀವಕ್ಕೇ ಕುತ್ತು ಬರಬಹುದು. ಆಗ ಮಲಗಿಸಬಾರದು. ಕೂರಿಸಿಯೇ ಇಟ್ಟು, ಬಿಗಿಯಾದ ಬಟ್ಟೆ ಸಡಿಲಿಸಿ, ಮೂತ್ರ ಹೋಗುವಂತೆ ಮಾಡಿ, ಆಸ್ಪತ್ರೆಗೆ ಒಯ್ಯಬೇಕು. ಜೊತೆಗಿರುವ ಪ್ರತಿಯೊಬ್ಬ ಸ್ವಯಂಸೇವಕನಿಗೂ ಇದು ಬಾಯಿಪಾಠವಾಗಿರಬೇಕು. ಮೂರಡಿ ಬಾಗಿಲು, ಎತ್ತರದ ಕಮೋಡು, ಹಿಡಿದುಕೊಳ್ಳಲು ಗೋಡೆಗೆ ಕಂಬಿ ಇರುವ ಒಂದು ಶೌಚಾಲಯ ದಾರಿಯಲ್ಲಿ ಎಲ್ಲಿದೆ ಎಂಬುದರ ಮೇಲೆ ಸವಾರಿ ಎಷ್ಟು ಉದ್ದವಿರಬೇಕೆಂಬುದು ನಿಂತಿದೆ. ದೃಶ್ಯ ಎಷ್ಟು ಚೆಂದ ಎಂಬುದರ ಮೇಲಲ್ಲ.

ಸೈದಾಪುರದವರಿಗೆ ಸವಾರಿಯ ಜಾಗ ಮುಟ್ಟುವುದೇ ಮೊದಲ ಸವಾಲು. ರೈಲಿದೆ, ಆದರೆ ಎತ್ತರದ ಪ್ಲಾಟ್‌ಫಾರ್ಮ್ ಇದ್ದರೂ ಅದು ಹಳಿಯಿಂದ ಹೆಚ್ಚೆಂದರೆ 840 ಮಿಲಿಮೀಟರ್, ಬೋಗಿಯ ನೆಲ ಸುಮಾರು 1,300 ಮಿಲಿಮೀಟರ್. ನಡುವಿನ ಒಂದೂವರೆ ಅಡಿಯನ್ನು ಕುರ್ಚಿ ತಾನಾಗಿ ಹಾರುವುದಿಲ್ಲ, ಮಡಚುವ ರ‍್ಯಾಂಪು ಬೇಕು. ರಸ್ತೆಯಲ್ಲಿ ಹೋಗುವುದಾದರೆ ಬಸ್ಸಿನ ಮೆಟ್ಟಿಲು, ಕ್ರೂಸರಿನ ಇಕ್ಕಟ್ಟು. ಸದ್ಯಕ್ಕೆ ಕೆಲಸಕ್ಕೆ ಬರುವುದು ಹಿಂಬದಿ ತೆರೆದುಕೊಳ್ಳುವ ಗೂಡ್ಸ್ ಟಂಟಂ, ಅದಕ್ಕೆ ಒಂದು ಉದ್ದನೆಯ ಹಲಗೆ, ಕುರ್ಚಿ ಅಲುಗದಂತೆ ನಾಲ್ಕು ಕಡೆ ಬೆಲ್ಟು. ಮನುಷ್ಯರು ಮಾತ್ರ ಕಾರಿನಲ್ಲೋ ಟಂಟಂನ ಮುಂದಿನ ಸೀಟಿನಲ್ಲೋ ಬರಬೇಕು, ಸರಕಿನಂತೆ ಹಿಂದೆ ಅಲ್ಲ.

ಗಾಡಿಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕೈಯಿಂದ ಪೆಡಲು ತಿರುಗಿಸುವ ಮೂರು ಗಾಲಿ ಸೈಕಲ್, ಇಲಾಖೆ ಕೊಟ್ಟ ಪಕ್ಕಗಾಲಿಯ ಸ್ಕೂಟರ್, ಬ್ಯಾಟರಿ ಗಾಡಿ, ಮಡಚುವ ಕುರ್ಚಿ, ಎಲ್ಲವೂ ಬರಲಿ. ಐಐಟಿ ಮದ್ರಾಸಿನಲ್ಲಿ ಹುಟ್ಟಿದ ನಿಯೋಮೋಷನ್ ಕಂಪನಿ ತಂದ ನಿಯೋಬೋಲ್ಟ್ ಎಂಬ ಮೋಟಾರು ಜೋಡಣೆ ಗಾಲಿಕುರ್ಚಿಯನ್ನು ಗಂಟೆಗೆ 25 ಕಿಲೋಮೀಟರ್ ಓಡುವ ವಾಹನವಾಗಿಸುತ್ತದೆ. ಗುಂಪಿನಲ್ಲಿ ಮಾತ್ರ ಆ ವೇಗಕ್ಕೆ ಬೆಲೆಯಿಲ್ಲ. ಎಲ್ಲರಿಗಿಂತ ನಿಧಾನದವರ ವೇಗವೇ ಗುಂಪಿನ ವೇಗ. ಮುಂದೆ ದಾರಿ ಬಲ್ಲವನೊಬ್ಬ, ಹಿಂದೆ ಯಾರನ್ನೂ ಹಿಂದಿಕ್ಕದವನೊಬ್ಬ ಇದ್ದರೆ ಸಾಕು.

ಈಗ ಆಕ್ಷೇಪಗಳಿಗೆ ಬರೋಣ. ‘ಇಷ್ಟೆಲ್ಲ ಅಳತೆ ಯಾಕೆ, ನಾಲ್ಕು ಮಂದಿ ಹುಡುಗರು ಎತ್ತಿಕೊಂಡು ಹೋದರಾಯಿತಲ್ಲ’ ಎಂಬುದು ಮೊದಲನೆಯದು. ಹೇಳುವವರ ಮನಸ್ಸು ಒಳ್ಳೆಯದೇ. ಶ್ರವಣಬೆಳಗೊಳದಲ್ಲಿ ವಯಸ್ಸಾದವರನ್ನು ಡೋಲಿಯಲ್ಲಿ ಹೊರುತ್ತಾರೆ. ಫ್ರಾನ್ಸಿನಲ್ಲಿ 1987ರಲ್ಲಿ ಜೋಯೆಲ್ ಕ್ಲೋಡೆಲ್ ಎಂಬಾತ ಸ್ನಾಯುಕ್ಷಯವಿದ್ದ ತನ್ನ ಸಂಬಂಧಿ ಹುಡುಗನಿಗಾಗಿ ಒಂಟಿ ಗಾಲಿಯ ಕುರ್ಚಿ ಮಾಡಿದ. ಮುಂದೊಬ್ಬರು, ಹಿಂದೊಬ್ಬರು ಹಿಡಿದು ಬೆಟ್ಟದ ದಾರಿಯಲ್ಲಿ ನಡೆಸುವ ಆ ಜೋಯೆಲೆಟ್ ಇಂದು ಹಲವು ದೇಶಗಳಲ್ಲಿದೆ. ಬೆಟ್ಟ ಹತ್ತಲೇಬೇಕಾದಾಗ ಹೊರುವುದು ಸರಿ. ಆದರೆ ಎತ್ತಿಸಿಕೊಂಡವರು ಎತ್ತಿದವರ ಹೊತ್ತು ನೋಡಬೇಕು. ನಿಲ್ಲು ಅನ್ನಲು ಸಂಕೋಚ, ಮತ್ತೊಮ್ಮೆ ಹೋಗೋಣ ಅನ್ನಲು ಇನ್ನೂ ಸಂಕೋಚ. ಎತ್ತುವುದರಿಂದ ಒಬ್ಬರು ಒಂದು ದಿನ ಹೋಗಿಬರುತ್ತಾರೆ. ಗಟ್ಟಿಯಾದ ಮೂರಡಿ ದಾರಿಯಿಂದ ಯಾರು ಬೇಕಾದರೂ ಯಾವ ದಿನವಾದರೂ ಹೋಗುತ್ತಾರೆ.

ಎರಡನೆಯ ಆಕ್ಷೇಪ ಇದಕ್ಕಿಂತ ತೂಕದ್ದು. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕಡೆಯ ಸ್ಥಾನ. ಶಾಲೆ, ಆಸ್ಪತ್ರೆ, ಪಿಂಚಣಿ, ದುಡಿಮೆ ಯಾವುದೂ ಸರಿಯಿಲ್ಲದ ಕಡೆ ವಿಹಾರದ ಮಾತು ಉಳ್ಳವರ ಶೋಕಿಯಲ್ಲವೇ? ಸವಾರಿಯೇ ಗುರಿಯಾಗಿದ್ದರೆ ಈ ಆಕ್ಷೇಪ ಒಪ್ಪತಕ್ಕದ್ದೇ. ಆದರೆ ತಯಾರಿಯ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಮನೆಯಿಂದ ಮುಖ್ಯರಸ್ತೆಯವರೆಗಿನ ದಾರಿ, ಬಸ್ಸು–ರೈಲು ಹತ್ತುವ ಬಗೆ, ಕಂಬಿ ಇರುವ ಶೌಚಾಲಯ, ಒತ್ತಡದ ಹುಣ್ಣಿನ ಅರಿವು, ಪಂಕ್ಚರ್ ಹಾಕುವ ಕೈ. ಇದರಲ್ಲಿ ವಿಹಾರಕ್ಕೆ ಮಾತ್ರ ಬೇಕಾದದ್ದು ಯಾವುದು? ಶಾಲೆಗೆ, ಸಂತೆಗೆ, ಆಸ್ಪತ್ರೆಗೆ, ಮತಗಟ್ಟೆಗೆ ಹೋಗಲು ಬೇಕಾದದ್ದೂ ಇದೇ. ಬೇರೆ ಯಾವ ಕಾರಣ ಕೊಟ್ಟರೂ ಇಷ್ಟನ್ನೆಲ್ಲ ಒಂದೇ ವಾರದಲ್ಲಿ, ಒಂದೇ ಹಾಳೆಯ ಮೇಲೆ ಬರೆಯುವ ಸಂದರ್ಭ ಒದಗುವುದಿಲ್ಲ. ಪಿಂಚಣಿ ಬೇಡಿ ಹೋದವರಿಗೆ ಅರ್ಜಿ ನಮೂನೆ ಸಿಗುತ್ತದೆ. ಗುಂಪಾಗಿ ದಾರಿ ಕೇಳಿ ಹೋದವರನ್ನು ಮಾತ್ರ ಇಂಜಿನಿಯರು ಎದ್ದು ಹೊರಗೆ ಬಂದು ನೋಡಬೇಕಾಗುತ್ತದೆ.

‘ಗಾಲಿಕುರ್ಚಿಯವರು ನಮ್ಮೂರಲ್ಲಿ ಎಷ್ಟು ಜನ ಇದ್ದಾರು, ಕಾಣುವುದೇ ಇಲ್ಲ’ ಎನ್ನುವವರೂ ಇದ್ದಾರೆ. 2011ರ ಲೆಕ್ಕದಲ್ಲಿ ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರು. ಇಡೀ ದೇಶದಲ್ಲಿ 2.68 ಕೋಟಿ, ಅವರಲ್ಲಿ ನೂರಕ್ಕೆ 69 ಮಂದಿ ಹಳ್ಳಿಗಳಲ್ಲಿ. ಎಲ್ಲರೂ ಗಾಲಿ ಬಳಸುವವರಲ್ಲ, ನಿಜ. ಆದರೆ ಕಾಣದಿರುವುದಕ್ಕೆ ಕಾರಣ ಅವರು ಇಲ್ಲದಿರುವುದಲ್ಲ, ಹೊರಗೆ ಬರಲಾಗದಿರುವುದು. ಪೋಲಿಯೊ ಹೋಯಿತು, ರಸ್ತೆ ಅಪಘಾತ ಬಂತು. ಬೈಕಿನಿಂದ, ಮರದಿಂದ, ಕಟ್ಟಡದಿಂದ ಬಿದ್ದು ಬೆನ್ನುಹುರಿ ಮುರಿದುಕೊಂಡವರು ಹೆಚ್ಚಾಗಿ ದುಡಿಯುವ ವಯಸ್ಸಿನವರು. ಸಾಲದ್ದಕ್ಕೆ, ಗಾಲಿಗೆ ಒಗ್ಗಿದ ದಾರಿಯನ್ನು ಮೊಣಕಾಲು ನೋವಿನ ಮುದುಕರು, ಬಸುರಿಯರು, ಕೂಸಿನ ತಾಯಂದಿರು, ತಳ್ಳುಗಾಡಿಯವರು ಬೇಡವೆನ್ನುವುದಿಲ್ಲ.

ಸ್ಮಾರಕಕ್ಕೆ ಧಕ್ಕೆಯಾದೀತು ಎಂಬ ಭಯಕ್ಕೆ ಉತ್ತರ ಚಿಕ್ಕದು. ರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ, ಅದು ಹಾಗೆಯೇ ಇರಲಿ. ವಿಭೂತಿಹಳ್ಳಿಗೆ ಕಾಂಕ್ರೀಟು ಬೇಕಿಲ್ಲ. ಪುರಾತತ್ವ ಇಲಾಖೆಯ ಅನುಮತಿ ಪಡೆದು ಬೆಳಗ್ಗೆ ಹಾಸಿ ಸಂಜೆ ಸುತ್ತಿಡುವ ನಾರಿನ ಚಾಪೆ ಸಾಕು. ಕಾಲುವೆ ದಂಡೆಯ ಅಪಾಯ ಮಾತ್ರ ನಿಜವಾದದ್ದು, ಹಗುರಾಗಿ ತಳ್ಳಿಹಾಕುವಂತಿಲ್ಲ. ತುಂಬಿದ ಕಾಲುವೆಗೆ ಕುರ್ಚಿ ಉರುಳಿದರೆ ಬೆಲ್ಟು ಕಟ್ಟಿಕೊಂಡವರು ಈಜಿ ಬರಲಾರರು. ನೀರು ಬಿಡುವ ಸರದಿಯ ವಿವರವನ್ನು ಭೀಮರಾಯನಗುಡಿಯ ನೀರಾವರಿ ಕಚೇರಿಯಲ್ಲಿ ಕೇಳಿಕೊಂಡು, ಕಾಲುವೆ ಬತ್ತಿದ ದಿನಗಳಲ್ಲಷ್ಟೇ ಹೋಗಬೇಕು, ಇಲ್ಲವೇ ನೀರಿನ ಕಡೆಗೆ ತಡೆ ಇರುವ ಭಾಗವನ್ನಷ್ಟೇ ಆರಿಸಿಕೊಳ್ಳಬೇಕು. ಎರಡೂ ಆಗದಿದ್ದರೆ ಕಾಲುವೆ ದಾರಿಯನ್ನು ಕೈಬಿಡಬೇಕು. ಅಳತೆಯಲ್ಲಿ ‘ಇಲ್ಲಿ ಬೇಡ’ ಎಂದು ಬರೆದಿಡುವುದೂ ಸೇರುತ್ತದೆ.

ಇಂಥ ವ್ಯವಸ್ಥೆ ಮಾಡಿ ನಮಗೆ ರೂಢಿಯಿಲ್ಲ ಎಂದು ಮಾತ್ರ ಈ ಸೀಮೆಯವರು ಹೇಳಬಾರದು. ಪ್ರತಿ ಯುಗಾದಿಗೆ ಉತ್ತರ ಕರ್ನಾಟಕದ ಊರೂರುಗಳಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುತ್ತದೆ. ಎಷ್ಟು ಮೈಲಿಗೆ ನೀರು, ಎಲ್ಲಿ ದಾಸೋಹ, ಎಲ್ಲಿ ನೆರಳು, ಕಾಲು ಬೊಬ್ಬೆಯಾದವರಿಗೆ ಯಾರು ಎಣ್ಣೆ ಹಚ್ಚುವುದು, ಸೋತವರನ್ನು ಯಾವ ಟ್ರ್ಯಾಕ್ಟರಿನಲ್ಲಿ ಕೂರಿಸುವುದು ಎಂಬುದೆಲ್ಲ ಯಾವ ಇಲಾಖೆಯ ಸುತ್ತೋಲೆಯೂ ಇಲ್ಲದೆ ನಡೆದುಹೋಗುತ್ತದೆ. ಗಾಲಿಯ ಸವಾರಿಗೆ ಬೇಕಾದ ವಿದ್ಯೆಯೂ ಅದೇ, ಜೊತೆಗೊಂದು ಟೇಪು. ಹಣಕ್ಕೂ ದಾರಿಯಿದೆ. ಗ್ರಾಮ ಪಂಚಾಯಿತಿಗಳು ಅಂಗವಿಕಲರಿಗೆಂದು ಶೇ 5ರಷ್ಟು ಹಣ ಮೀಸಲಿಡಬೇಕು. ಸಂವಿಧಾನದ 371ಜೆ ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಈಚಿನ ಬಜೆಟ್ಟುಗಳಲ್ಲಿ 5,000 ಕೋಟಿ ರೂಪಾಯಿವರೆಗೆ ತೋರಿಸಲಾಗಿದೆ. ಜನರೂ ಇದ್ದಾರೆ. ತಾಲ್ಲೂಕಿಗೊಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ, ಅಂದರೆ ಎಂಆರ್‌ಡಬ್ಲ್ಯು, ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ಅಂದರೆ ವಿಆರ್‌ಡಬ್ಲ್ಯು, ಅವರೂ ಬಹುಮಟ್ಟಿಗೆ ಅಂಗವಿಕಲರೇ. ಅರ್ಜಿ ಬರೆಯುವುದರಲ್ಲೇ ಅವರ ದಿನ ಕಳೆಯದಂತೆ, ದಾರಿ ಅಳೆಯುವ ಕೆಲಸವನ್ನು ಅವರ ಕೈಗೆ ಕೊಟ್ಟರೆ ಅವರಿಗಿಂತ ಬಲ್ಲ ಸರ್ವೆಯರು ಸಿಗಲಾರರು. ಎಲ್ಲಿ ಗಾಲಿ ಸಿಕ್ಕಿಕೊಳ್ಳುತ್ತದೆಂದು ಅವರಿಗೆ ಹೇಳಿಕೊಡಬೇಕಿಲ್ಲ.

ಆದ್ದರಿಂದ ಸೈದಾಪುರ, ಯಾದಗಿರಿ, ಶಹಾಪುರ, ಸುರಪುರದ ಓದುಗರಲ್ಲಿ ಒಂದು ಕೋರಿಕೆ. ಡಿಸೆಂಬರ್ 3ರ ಸಮಾರಂಭದ ವೇದಿಕೆ, ಶಾಲು, ಹಾರಕ್ಕಿಂತ ಮೊದಲು ನಿಮ್ಮ ಓಣಿಯ ಗಾಲಿಕುರ್ಚಿಯವರನ್ನು ಮುಂದಿಟ್ಟುಕೊಂಡು ಅವರ ಮನೆಯಿಂದ ಬಸ್ ನಿಲ್ದಾಣದವರೆಗೆ ಒಮ್ಮೆ ಹೋಗಿ. ಎಲ್ಲಿ ಎಷ್ಟು ಏರು, ಎಷ್ಟು ಅಗಲ, ಎಲ್ಲಿ ಚರಂಡಿ, ಎಲ್ಲಿ ಶೌಚಾಲಯ ಎಂದು ಒಂದು ಹಾಳೆಯಲ್ಲಿ ಬರೆದು, ಅಂಗವಿಕಲರಿಗೆಂದು ಮೀಸಲಿಟ್ಟ ಶೇ 5ರ ಹಣಕ್ಕೆ ಕ್ರಿಯಾಯೋಜನೆ ಸಿದ್ಧವಾಗುವ ಮೊದಲು ಗ್ರಾಮ ಪಂಚಾಯಿತಿಯ ಪಿಡಿಒ ಅವರಿಗೆ ಕೊಡಿ, ಸ್ವೀಕೃತಿ ಪಡೆಯಿರಿ.